ಹಗ್ಗಕ್ಕೊಂದು ಕೈ

ಕಳೆದ ವಾರ ಇಬ್ಬರು ರಿಕ್ಷಾದವರು ಮತ್ತು ಒಬ್ಬ ಮೀನಿನ ಟೆಂಪೋದವನು ನನ್ನನ್ನು ಅಪಹರಿಸಲು ಪ್ರಯತ್ನಿಸಿದರು. ನನ್ನ ಅಪರಾಧ ಇಷ್ಟೇ: ಧಾರೇಶ್ವರದ ಹೈವೇ ಬದಿಯಲ್ಲಿ, ಕೈಯಲ್ಲಿ ಚೀಲವಿಲ್ಲದೆ, ಸುಮ್ಮನೆ ನಡೆಯುತ್ತಿದ್ದೆ.

ಈ ಅಂಕಣ ಕೆಲವು ವಾರ ಕಾಣದೆ ಹೋದದ್ದನ್ನು ಓದುಗರು ಗಮನಿಸಿರಬಹುದು. (ಗಮನಿಸದಿದ್ದರೆ ಈಗ ಗಮನಿಸಿ.) ನಾನು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಸಕ್ಕರೆ ಕಾಯಿಲೆ, ಮೊಣಕಾಲು, ಗೊರಕೆ ಈ ಮೂವರೂ ಸಭೆ ಸೇರಿ ಕೈಗೊಂಡ ತೀರ್ಮಾನ ಅದು. ನಾನು ಸಹಿ ಮಾತ್ರ ಹಾಕಿದೆ. ಈಗ ನನ್ನೊಳಗೆ ಬಾಳೆಕಾಯಿ ಗಾತ್ರದ ಜಠರವೊಂದು ಉಳಿದಿದೆ. ಬೆಲ್ಟಿಗೆ ಹೊಸ ತೂತುಗಳು ಬಂದಿವೆ.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು: "ಮೊದಲು ನಡಿಗೆ ಮಾತ್ರ. ನಿಧಾನಕ್ಕೆ ಹೆಚ್ಚಿಸಿ. ನೀರು ಗುಟುಕು ಗುಟುಕಾಗಿ. ತಲೆ ಸುತ್ತಿದರೆ ಕೂತುಬಿಡಿ. ಭಾರ ಎತ್ತುವುದು, ಎಳೆಯುವುದು ನಾನು ಹೇಳುವ ತನಕ ಇಲ್ಲ. ಹೊರಗಿನ ಗಾಯ ಒಣಗಿದೆ, ಒಳಗಿನದು ಹಸಿ. ಹರ್ನಿಯಾ ಆದರೆ ಮತ್ತೆ ಅದೇ ಆಪರೇಷನ್ ಟೇಬಲ್ಲಿಗೆ ಬರಬೇಕು."

ನಡಿಗೆ ತಾನೇ? ಸುಲಭ ಅಂದುಕೊಂಡೆ. ನಮ್ಮೂರಲ್ಲಿ ನಡೆದು ನೋಡಿದ್ದೀರಾ? ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪಕ್ಕಕ್ಕೊಂದು ರಿಕ್ಷಾ ಬಂದು ನಿಲ್ಲುತ್ತದೆ.

"ಹತ್ತಿ ಮಾರಾಯ್ರೆ."

"ಬೇಡ, ನಡೀತೇನೆ."

"ಯಾಕೆ, ಎಂತಾ ಆತು? ಸ್ಕೂಟರ್ ಕೆಟ್ಟೋಯ್ತಾ?"

ಕುಮಟೆಯಿಂದ ಭಟ್ಕಳದ ತನಕ ಮನುಷ್ಯ ನಡೆಯಲು ಎರಡೇ ಕಾರಣ: ಒಂದೋ ಗಾಡಿ ಕೆಟ್ಟಿರಬೇಕು, ಇಲ್ಲವೇ ಇಡಗುಂಜಿಗೆ ಹರಕೆ ಇರಬೇಕು. ಸಾಕಾಗಿ ಒಂದು ದಿನ ಹರಕೆ ಎಂದೇ ಹೇಳಿಬಿಟ್ಟೆ. (ಹೊಟ್ಟೆ ಕರಗಲೆಂದು ಗಣಪತಿಗೆ ಹರಕೆ! ಆತ ನಕ್ಕಿರಬೇಕು.) ರಿಕ್ಷಾದವನು ಭಕ್ತಿಯಿಂದ ಕೈ ಮುಗಿದ. ಮುಂದೆ ಹೋದವನು ಮತ್ತೆ ಹಿಂದೆ ಬಂದ.

"ಇಡಗುಂಜಿ ಆ ಬದಿಗಲ್ವಾ ಮಾಸ್ತರ್ರೆ? ನೀವು ಕುಮ್ಟಿಗೆ ಹೊಂಟೀರಿ."

ಹೀಗಾಗಿ ರಸ್ತೆ ಬಿಟ್ಟು ಕಡಲ ದಂಡೆ ಹಿಡಿದೆ. ಅಲ್ಲಿ ರಿಕ್ಷಾ ಬರುವುದಿಲ್ಲ. ಆದರೆ ದೋಣಿ ಬರುತ್ತದೆ.

ದೋಣಿ ದಡಕ್ಕೆ ಬಂದಾಗ ಮರಳಿನ ಮೇಲೆ ಯಾರಿದ್ದರೂ ಹಗ್ಗಕ್ಕೊಂದು ಕೈ ಹಾಕಬೇಕು. ಇದು ನಮ್ಮ ದಂಡೆಯ ಕಾನೂನು. ಭಟ್ಟರಿರಲಿ, ಬ್ಯಾಂಕಿನವರಿರಲಿ, ಮುರ್ಡೇಶ್ವರ ನೋಡಲು ಹೊರಟು ದಾರಿ ತಪ್ಪಿದ ಟೂರಿಸ್ಟ್ ಇರಲಿ, ಕೈ ಕಟ್ಟಿ ನಿಲ್ಲುವ ಹಾಗಿಲ್ಲ. ವಿನಾಯಿತಿ ಇದ್ದದ್ದು ನನಗೊಬ್ಬನಿಗೇ. ಹುಡುಗನಾಗಿದ್ದಾಗ ಓಡಿ ಹೋಗಿ ಹಗ್ಗ ಹಿಡಿದರೆ, "ನೀ ಬ್ಯಾಡ ಮಾರಾಯ, ನೀ ಬಿದ್ರೆ ದೋಣಿಗಿಂತ ಮೊದ್ಲು ನಿನ್ನ ಎಳೀಬೇಕು" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ದಪ್ಪಗಿರುವವರು ಮೊದಲು ಕಲಿಯುವ ವಿದ್ಯೆ ಅದು. ಮೇಷ್ಟ್ರಾದ ಮೇಲೆ ಗೌರವ ಹೆಚ್ಚಿತು. ಕೂರಲು ಬುಟ್ಟಿ ಬೋರಲು ಹಾಕಿ ಕೊಡತೊಡಗಿದರು.

ಮೊನ್ನೆ ಬೆಳಿಗ್ಗೆ ದುರ್ಗಯ್ಯನ ದೋಣಿ ಬಂತು. ದುರ್ಗಯ್ಯ ಎಂದರೆ ನನ್ನ ಜೊತೆ ಶಾಲೆಗೆ ಬಂದು, ನನಗಿಂತ ಬೇಗ ಬುದ್ಧಿ ಬಂದು ಶಾಲೆ ಬಿಟ್ಟವನು. ಜನ ಕಡಿಮೆ ಇದ್ದರು. ಅವನ ಕಣ್ಣು ದಂಡೆಯುದ್ದಕ್ಕೂ ಹರಿದು ನನ್ನ ಮೇಲೆ ನಿಂತಿತು.

"ಎಂತ ನೋಡ್ತಾ ನಿಂತ್ರಿ ಮಾಸ್ತರ್ರೆ? ಹೊಟ್ಟೆ ಹೋಯ್ತಲ್ಲ ಈಗ, ಬನ್ನಿ, ಒಂದ್ ಕೈ ಹಾಕಿ!"

ಓದುಗರೇ, ಸಾಹಿತ್ಯ ಸಮ್ಮೇಳನಕ್ಕೆ ಕರೆ ಬಂದಿದ್ದರೂ ನಾನು ಅಷ್ಟು ಹಿಗ್ಗುತ್ತಿರಲಿಲ್ಲ. (ಬಂದಿಲ್ಲ, ಅದು ಬೇರೆ ಮಾತು.) ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಎರಡು ಕೈಗಳು ಯಾರದೋ ಲೆಕ್ಕಕ್ಕೆ ಬಂದಿದ್ದವು. ಹೋದೆ. ಹಗ್ಗ ಹಿಡಿದೆ. ಒದ್ದೆ, ಒರಟು, ಉಪ್ಪು. ಹಿಮ್ಮಡಿಯನ್ನು ಮರಳಿಗೆ ಊರಿ, ಹೊಟ್ಟೆ ಬಿಗಿಹಿಡಿದೆ.

ಎಡಗಡೆ ಒಳಗೆಲ್ಲೋ ಒಂದು ಸಣ್ಣ ಜಗ್ಗು. ದೊಡ್ಡದೇನಲ್ಲ, ಯಾರೋ ಹಿಂದಿನಿಂದ ಅಂಗಿ ಹಿಡಿದಂತೆ. ಆ ಟೇಬಲ್ ನೆನಪಾಯಿತು. ದೋಣಿ ಅಲ್ಲಾಡುವ ಮೊದಲೇ ಹಗ್ಗ ಬಿಟ್ಟೆ.

"ಆಗೂದಿಲ್ಲ ದುರ್ಗಯ್ಯ. ಒಳಗೆ ಇನ್ನೂ ಹಸಿ ಉಂಟು."

"ಹಂಗಾರೆ ಹೊಟ್ಟೆ ತೆಗ್ಸಿ ಎಂತ ಬಂತು?" ಹಿಂದಿನಿಂದ ಯಾರೋ ಅಂದರು. ನಗೆ ಎದ್ದಿತು. ಈ ಸಲ ನನಗೆ ನಗು ಬರಲಿಲ್ಲ.

ಮೀನು ಆಯಲು ಕೂತಿದ್ದ ದುರ್ಗಯ್ಯನ ಹೆಂಡತಿ ಸಾವಿತ್ರಿ ತಲೆ ಎತ್ತಿದಳು. "ಬಾಣಂತಿ ಹತ್ರ ಕೊಡಪಾನ ಹೊರ್ಸ್ತೀರನ್ರೋ ನೀವು? ಎಳೀರಿ ಸುಮ್ನೆ! ನೀವು ಕೂತ್ಕಣಿ ಮಾಸ್ತರ್ರೆ."

ಮತ್ತೆ ಅದೇ ಬುಟ್ಟಿ. ದೋಣಿ ಎಂದಿನಂತೆ ನನ್ನ ಸಹಾಯವಿಲ್ಲದೆ ಮೇಲೆ ಬಂತು. ಹಗ್ಗ ಮುಟ್ಟಿದವರಿಗೆಲ್ಲ ಪಾಲು ಎಂದು ದುರ್ಗಯ್ಯ ಎರಡು ಬಂಗಡೆ ಕೊಟ್ಟ. (ಅರ್ಧ ಮೀನೇ ನನಗೆ ಹೆಚ್ಚಾಯಿತು. ಉಳಿದದ್ದು ಮನೆಯವಳ ಪಾಲು.) ಅದೇ ದಿನ ಹೋಗಿ ಡಾಕ್ಟರಿಗೆ ತೋರಿಸಿದೆ. ಏನೂ ಆಗಿಲ್ಲವೆಂದರು, ಬೈಗುಳ ಮಾತ್ರ ಧಾರಾಳವಾಗಿ ಸಿಕ್ಕಿತು. ಹೊಟ್ಟೆ ಇಳಿದದ್ದು ಎಲ್ಲರಿಗೂ ಕಾಣುತ್ತದೆ, ಒಳಗೆ ಮಾಗುವುದು ಯಾರಿಗೂ ಕಾಣುವುದಿಲ್ಲ. ನನಗೂ.

ಇಷ್ಟು ವರ್ಷ ಆ ಹಗ್ಗ ನನಗೆ ಬೇಡ ಎಂದವರು ಅವರು. ಮೊನ್ನೆ ಬೇಡ ಎಂದವನು ನಾನು. ಭಾರ ಎತ್ತಬೇಡಿ ಎಂದ ಡಾಕ್ಟರು, ಆ ಒಂದು 'ಬೇಡ'ದ ತೂಕ ಎಷ್ಟೆಂದು ಮೊದಲೇ ಹೇಳಬಾರದಿತ್ತೇ?