ಮುಚ್ಚಿದ ಬಾಗಿಲ ಹಿಂದೆ ತಾಟಿನ ಸದ್ದು

ನನ್ನ ಮಗ ದಿನ ತುಂಬುವ ಮೊದಲೇ ಹುಮನಾಬಾದಿನ ದವಾಖಾನೆಯಲ್ಲಿ ಹುಟ್ಟಿದ. ಹಲವು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿದರು. ಮನೆಗೆ ಕಳಿಸುವಾಗ, ಬಸವಕಲ್ಯಾಣದ ಮಕ್ಕಳ ಡಾಕ್ಟರಿಗೆ ತಪ್ಪದೆ ತೋರಿಸುತ್ತಿರಿ, ಇಂಥ ಮಕ್ಕಳ ಮೇಲೆ ಎರಡು ವರ್ಷ ಕಣ್ಣಿಡಬೇಕು ಎಂದರು. ಎಲ್ಲ ಸರಿಯಿದ್ದರೆ ಯಾಕೆ ಕಣ್ಣಿಡಬೇಕು? ನನಗೆ ಹೇಳದೆ ಉಳಿಸಿಕೊಂಡಿದ್ದು ಏನೋ ಇದೆ ಅನ್ನುವ ಅನುಮಾನ ಅಂದೇ ಹೊಕ್ಕಿತು.

ಬಸವಕಲ್ಯಾಣದಲ್ಲಿ ಡಾಕ್ಟರಮ್ಮ ತೂಕ ನೋಡಿ ನಗುತ್ತಿದ್ದರು. ಕತ್ತು ನಿಂತಿದೆ, ಕಣ್ಣು ಸರಿಯಿದೆ, ಎನ್ನುತ್ತಿದ್ದರು. ಆದರೆ ಒಮ್ಮೆ ನಾನು ಒಳಗೆ ಮಗುವಿಗೆ ಅಂಗಿ ತೊಡಿಸುತ್ತಿದ್ದಾಗ ಹೊರಗೆ ನನ್ನ ಗಂಡನ ಜೊತೆ ಮೆಲ್ಲಗೆ ಏನೋ ಮಾತಾಡುತ್ತಿದ್ದರು. ನಾನು ಬಂದದ್ದೇ ಇಬ್ಬರೂ ಸುಮ್ಮನಾದರು. ನಮ್ಮೂರು ಕೊಹಿನೂರಿಗೆ ಬರುವ ಬಸ್ಸಿನಲ್ಲಿ ಗಂಡನನ್ನು ಕೇಳಿದರೆ, ಏನೂ ಇಲ್ಲ, ತೂಕದ ಮಾತು ಎಂದು ಕಿಟಕಿಯಾಚೆ ನೋಡಿದ. ಸುಳ್ಳು ಹೇಳುವಾಗ ಅವನು ಹಾಗೇ ಆಚೆ ನೋಡುತ್ತಾನೆ.

ಆಮೇಲೆ ಅತ್ತೆಯ ಮೇಲೂ ಶಂಕೆ ಬಂತು. ಆಡು ಮೇಯಿಸಿ ಬಂದವಳು ಕೈಕಾಲು ತೊಳೆದು, ನೀನು ಬಟ್ಟೆ ಒಗೆದು ಬಾ ಎಂದು ನನ್ನನ್ನು ಹೊರಗೆ ಕಳಿಸಿ ಬಾಗಿಲು ಮುಂದಕ್ಕೆ ಹಾಕುತ್ತಿದ್ದಳು. ಒಳಗಿಂದ ಊಟದ ತಾಟು ಬಡಿದ ಸದ್ದು. ಸ್ವಲ್ಪ ಮೌನ. ಮತ್ತೆ ಸದ್ದು. ಏನಾದರೂ ಮಾಟಮಂತ್ರ ಮಾಡುತ್ತಿದ್ದಾಳೋ, ನನ್ನ ಮಗನನ್ನು ಹೆದರಿಸುತ್ತಿದ್ದಾಳೋ ಎಂದು ಬಟ್ಟೆ ಒಗೆಯುತ್ತಲೇ ಕಿವಿಗೊಡುತ್ತಿದ್ದೆ. ಗಂಡನಿಗೆ ಹೇಳಲಿಲ್ಲ, ಅವನ ಮೇಲೂ ನಂಬಿಕೆ ಇರಲಿಲ್ಲ.

ಒಂದು ದಿನ ಒದ್ದೆ ಬಟ್ಟೆ ಕಲ್ಲಿನ ಮೇಲೇ ಬಿಟ್ಟು ಬಂದು ಬಾಗಿಲು ದೂಡಿದೆ. ಮಗು ಚಾಪೆಯ ಮೇಲೆ ಮಲಗಿ ತನ್ನ ಬೆರಳು ನೋಡುತ್ತಿತ್ತು. ಅತ್ತೆ ಅದರ ತಲೆಯ ಹಿಂದೆ ಕೂತು ತಾಟು ಎತ್ತಿ ಹಿಡಿದು ಚಮಚದಿಂದ ಬಡಿಯುತ್ತಿದ್ದಳು. ಮಗು ರೆಪ್ಪೆಯನ್ನೂ ಮಿಟುಕಿಸಲಿಲ್ಲ.

"ಏನ್ ಮಾಡಾಕತ್ತೀರಿ ನನ್ನ ಕೂಸಿಗೆ?" ಎಂದೆ.

ಅವಳು ತಾಟು ಕೆಳಗಿಟ್ಟಳು. ಕಣ್ಣು ತುಂಬಿದ್ದವು. "ಕೂಸಿಗಿ ಕೇಳಸ್ತದೋ ಇಲ್ಲೋ ನೋಡಾಕತ್ತೀನಿ. ಹುಮನಾಬಾದದಾಗ ಕಿವಿ ಪರೀಕ್ಷಾ ಸರಿ ಬರಲಿಲ್ಲಂತ. ಮತ್ತ ಮಾಡಸ್ಬೇಕಂತ ಡಾಕ್ಟರಮ್ಮ ಅಂದಾರ. ನಿನಗ ಹೇಳಿದ್ರ ಚಿಂತ್ಯಾಗ ಹಾಲು ಬತ್ತತಾವಂತ ನಾನು, ನಿನ್ನ ಗಂಡ ಇಬ್ರೂ ಮುಚ್ಚಿಟ್ವಿ."

ನಾನು ಚಾಪೆಯ ಪಕ್ಕದಲ್ಲೇ ಕೂತೆ. ಸಿಟ್ಟು ಯಾರ ಮೇಲೆ ತೋರಿಸಲಿ? ನಾನು ಹಾಡಿ ಮಲಗಿಸಿದ ಸಂಜೆಗಳೆಲ್ಲ ಅವನು ಹಾಡಿಗಲ್ಲ, ನನ್ನ ಎದೆಯ ಬಿಸಿಗೆ ಮಲಗಿದ್ದನೇ? ಮಗುವನ್ನು ಎತ್ತಿಕೊಂಡು ಅತ್ತೆಗೆ ಹೇಳಿದೆ: "ಇನ್ಮ್ಯಾಲ ಏನಿದ್ರೂ ನನ್ನ ಮುಂದ ಮಾತಾಡ್ರಿ."

ಮರುದಿನ ಗಂಡ, ಅತ್ತೆ, ನಾನು ಮೂವರೂ ಮಗುವನ್ನು ಎತ್ತಿಕೊಂಡು ಬಸವಕಲ್ಯಾಣಕ್ಕೆ ಹೋದೆವು. ಡಾಕ್ಟರಮ್ಮ ಈ ಸಲ ಎಲ್ಲವನ್ನೂ ನನಗೇ ಬಿಡಿಸಿ ಹೇಳಿದರು. ಮುಂದೆ ದೊಡ್ಡ ಊರಿನ ದವಾಖಾನೆಯಲ್ಲಿ ಮಗುವನ್ನು ಮಲಗಿಸಿ, ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ ಮಂದ, ಆದರೆ ಪೂರ್ತಿ ಹೋಗಿಲ್ಲ, ಕಿವಿಗೆ ಯಂತ್ರ ಹಾಕಿದರೆ ಮಾತು ಬರಬಹುದು ಎಂದರು. ‘ಬಹುದು’ ಅನ್ನುವ ಆ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ.

ಯಂತ್ರ ಹಾಕಿದ ಕ್ಷಣ ಮಗು ಕೆಮ್ಮಿತು. ತನ್ನ ಕೆಮ್ಮು ತನಗೇ ಕೇಳಿ ಬೆದರಿ, ಜೋರಾಗಿ ಅಳತೊಡಗಿತು. ನಾನು ಯಂತ್ರ ತೆಗೆಯಲು ಕೈ ಹಾಕಿದೆ. ಅತ್ತೆ ತಡೆದಳು.

"ಅಳ್ಲಿ ಬಿಡು," ಎಂದಳು. "ಕೇಳಸಾಕತ್ತದ."

ಈಗ ಅವನು ಗೋಡೆ ಹಿಡಿದು ನಡೆಯುತ್ತಾನೆ, ‘ಅವ್ವಾ’ ಎನ್ನುತ್ತಾನೆ. ಬಸವಕಲ್ಯಾಣಕ್ಕೆ ಹೋಗುವುದು ಇನ್ನೂ ನಿಂತಿಲ್ಲ. ನಾನು ಕರೆದಾಗ ತಿರುಗಿ ನೋಡಿದರೂ, ಕೇಳಿ ತಿರುಗಿದನೋ, ನನ್ನ ನೆರಳು ಕಂಡು ತಿರುಗಿದನೋ ಎಂದು ಬಾಗಿಲ ಮರೆಗೆ ಸರಿದು ಇನ್ನೊಮ್ಮೆ ಕರೆಯುತ್ತೇನೆ.