ಯಲ್ಲಾ ಅಂದರೋ, ಇಲ್ಲ ಅಂದರೋ

ಅಶರೀರವಾಣಿ ಕೇಳಿತು ಎಂದವರನ್ನೆಲ್ಲ ಲೇವಡಿ ಮಾಡಿದವಳು ನಾನು. ಭೌತಶಾಸ್ತ್ರ ಓದಿದವಳಿಗೆ ಅದೆಲ್ಲ ಕಿವಿಯ ಭ್ರಮೆ. ಆದರೆ ಆ ಮಧ್ಯಾಹ್ನ ಕೇಳಿದ್ದನ್ನು ಭ್ರಮೆ ಎಂದು ಒಪ್ಪಲಾರೆ. ನೀವು ನಕ್ಕರೆ ನಗಿ.

ತೊಂಬತ್ತರ ಆಗಸ್ಟ್. ಇರಾಕಿ ಸೈನ್ಯ ಕುವೈತಿಗೆ ನುಗ್ಗಿತ್ತು. ರಜೆಗೆ ಊರಿಗೆ ಹೋದ ಗಂಡ ಅಲ್ಲೇ ಉಳಿದಿದ್ದರು. ಜಾಬ್ರಿಯಾ ಬಡಾವಣೆಯ ಮನೆಯಲ್ಲಿ ನಾನು, ನಾಲ್ಕು ವರ್ಷದ ಮಗಳು. ಆಫೀಸಿನಲ್ಲಿ ಜೊತೆಗಿದ್ದ ಹೊನ್ನಾವರದ ಫೆಲಿಕ್ಸ್ ಬಾಬ್, ಮರುಭೂಮಿ ಹಾದು ಸೌದಿ ಗಡಿ ಸೇರೋಣ ಎಂದರು. ಜೀಪು ನನ್ನದು, ಓಡಿಸುವವಳೂ ನಾನೇ. ಅವರಿಗೆ ತುಳು ಬಾರದು, ನನಗೆ ಕೊಂಕಣಿ. ನಮ್ಮ ಮಾತು ಕನ್ನಡ, ನಡುವೆ ಆಫೀಸಿನ ಅರಬ್ಬಿ: ‘ನಡೀರಿ, ಹೊರಡೋಣ’ ಎನ್ನಲು ‘ಯಲ್ಲಾ’.

ನಾವು ಹೊರಟ ಹಿಂದಿನ ದಿನದ ಬಿರುಗಾಳಿ ಮರುಭೂಮಿಯ ದಾರಿಗೆ ಹೊಸ ಮರಳು ಸುರಿದಿತ್ತು. ಜಲ್ಲಿ ತೆಗೆದ ಹಳೆಯ ಗುಂಡಿಗಳ ಅಂಚೆಲ್ಲ ಮುಚ್ಚಿ, ಸಪಾಟು ನೆಲದಂತೆ ಕಾಣುತ್ತಿತ್ತು. ಮರಳಲ್ಲಿ ಹೂತುಹೋಗದಂತೆ ಟೈರುಗಳ ಗಾಳಿ ಇಳಿಸಿದೆವು. ನೆಲ ಚುಚ್ಚಿ ನೋಡಲು ಫೆಲಿಕ್ಸ್ ಕಬ್ಬಿಣದ ಸರಳು ಹಿಡಿದು ಇಳಿದರು. ಚುಚ್ಚಿದಲ್ಲಿಂದ ಬಿರುಕು ಹರಿದರೆ ಆ ಮರಳು ಜಾರುತ್ತದೆ.

"ಗಟ್ಟಿ ಇದ್ರೆ ಯಲ್ಲಾ ಅಂತೇನೆ, ಬನ್ನಿ."

"ಇಲ್ಲದಿದ್ರೆ?"

"ಇಲ್ಲ ಅಂತೇನೆ."

"ಈ ಗಾಳೀಲಿ ಎರಡೂ ಒಂದೇ ಥರ ಕೇಳ್ತದಲ್ಲ ಮಾರಾಯ್ರೆ!"

"ಬೇಕಾದ್ದನ್ನೇ ಕೇಳಿಸ್ಕೊಳ್ಬೇಡಿ, ಅಷ್ಟೇ," ಎಂದು ನಕ್ಕು ಮುಂದೆ ನಡೆದರು.

ದೂರದಲ್ಲಿ ನಿಂತು ಅವರು ಕೈಬೀಸಿ ಕರೆದದ್ದು ಕಂಡಿತು. ಗೇರು ಹಾಕಿದೆ. ಜೀಪು ಹೊರಟಿತು.

"ಇಲ್ಲ."

ಕೂಗಲ್ಲ. ಮೆಲ್ಲಗೆ, ಕಿವಿಯ ಬುಡದಲ್ಲಿ, ಫೆಲಿಕ್ಸ್ ಅವರದೇ ದನಿ. ಅಲ್ಲಿನ ಗಾಡಿಗಳಲ್ಲಿ ಓಡಿಸುವವರ ಸೀಟು ಎಡಕ್ಕೆ; ಬೆರಳಗಲ ಇಳಿಸಿದ್ದ ಕಿಟಕಿಯೂ ನನ್ನ ಎಡಕ್ಕೆ. ದನಿ ಬಂದದ್ದು ಬಲದಿಂದ, ಅವರು ಇಳಿದು ಹೋಗಿದ್ದ ಖಾಲಿ ಸೀಟಿನಿಂದ. ಬ್ರೇಕ್ ತುಳಿದೆ. ಜೀಪಿನ ಮೂತಿಯ ಮುಂದೆಯೇ ನೆಲ ಸೀಳಿ, ಇಡೀ ಅಂಚು ಗುಂಡಿಗೆ ಜಾರಿತು. ಒಬ್ಬ ಮನುಷ್ಯನನ್ನು ಹೊತ್ತ ಮರಳು ಜೀಪಿನ ಭಾರ ತಾಳಲಿಲ್ಲ.

ಫೆಲಿಕ್ಸ್ ಸುತ್ತು ಬಳಸಿ ಓಡಿಬಂದರು. "ಯಾಕೆ ನಿಲ್ಸಿದ್ರಿ? ನಾ ಯಲ್ಲಾ ಅಂದಿದ್ದಲ್ವಾ!"

ಹಿಂದಿನ ಸೀಟಿನಿಂದ ಮಗಳು, "ನೋ, ಅಂಕಲ್ ಸೆಡ್ ಇಲ್ಲ," ಎಂದಳು.

ಫೆಲಿಕ್ಸ್ ಗುಂಡಿಯತ್ತ ತಿರುಗಿ ನೋಡಿದರು. ವಾಪಸು ಹೋಗೋಣ ಎಂದರು.

"ವಾಪಸು ಯಾರ ಹತ್ರ, ಆ ಬಂದೂಕಿನವರ ಹತ್ರವಾ? ಕೂತ್ಕೊಳ್ಳಿ."

ಕಲ್ಲುನೆಲ ಹಿಡಿದು, ಗುಂಡಿಯನ್ನು ಬಳಸಿ, ಸಂಜೆಯೊಳಗೆ ಗಡಿ ದಾಟಿದೆವು.

ಗಾಳಿ ಪದವನ್ನು ತಿರುಚಿತು ಎನ್ನುತ್ತಾರೆ ತಿಳಿದವರು. ಅದು ಕೂಗಾಗಿದ್ದರೆ ಒಪ್ಪುತ್ತಿದ್ದೆ. ಈಗಲೂ ಕಾರಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಯಲ್ಲಾ ಎಂದೇ ಕೂಗಿದ್ದೆ ಎಂದು ಫೆಲಿಕ್ಸ್ ಇಂದಿಗೂ ಆಣೆ ಹಾಕುತ್ತಾರೆ. ಅವರನ್ನು ನಂಬುತ್ತೇನೆ. ನನ್ನ ಕಿವಿಯನ್ನೂ ನಂಬುತ್ತೇನೆ. ಎರಡರಲ್ಲಿ ಒಂದನ್ನು ಬಿಡಿ ಎಂದು ಯಾರೇ ಹೇಳಿದರೂ ಬಿಡುವವಳಲ್ಲ.