ಎಡ್ನಾ ಬಾಯಿಬಿಡದ ಹುಳದ ಹೆಸರು

ಬಟ್ಟೆ ಗಿರಣಿಗಳ ಊರಾದ ಕೀತ್ಲಿಯ ಆ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಎಡ್ನಾ ಶಾಕಲ್ಟನ್. ಗಂಡ ವಾಲ್ಟರ್ ಮೆಟ್ಟಿಲಿಳಿದು ಬರುವಷ್ಟರಲ್ಲಿ ಒಲೆಯ ಬೂದಿ ತೆಗೆದು, ಅದರ ಬಿಸಿಗೆ ಬಂದು ಸೇರಿದ ಕರಿಹುಳಗಳನ್ನು ಗುಡಿಸಿ ಬೆಂಕಿಗೆ ಹಾಕಿ, ನೆಲ ಉಜ್ಜಿರುತ್ತಿದ್ದಳು. ಮದುವೆಯಾದಂದಿನಿಂದ ಹೀಗೇ. ಗಿರಣಿಗಾದರೂ ಭಾನುವಾರ ರಜೆ, ಹುಳಗಳಿಗೆ ಅದೂ ಇಲ್ಲ. ಮನೆಯಲ್ಲಿ ಹುಳವಿದೆಯೆಂದರೆ ಆ ಬೀದಿಯಲ್ಲಿ ಯಾರೂ ಮನೆಯನ್ನು ಆಡಿಕೊಳ್ಳುವುದಿಲ್ಲ, ಹೆಂಗಸನ್ನು ಆಡಿಕೊಳ್ಳುತ್ತಾರೆ.

ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಊರೂರಿನ ಹಳೆಯ ಮಾತುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದ ಯುವಕನೊಬ್ಬ ಲೀಡ್ಸ್ ಕಡೆಯಿಂದ ಸೈಕಲ್ಲಿನಲ್ಲಿ ಬಂದ. ಎಡ್ನಾ ಹೊಸಿಲು ಬೆಳ್ಳಗಾಗಲೆಂದು ಕಲ್ಲಿನಿಂದ ತಿಕ್ಕುತ್ತಿದ್ದಳು. ಎದುರುಮನೆಯ ಮಿಸೆಸ್ ಪಿಕಲ್ಸ್ ಕಿಟಕಿ ಒರೆಸುತ್ತ ಕಿವಿಯನ್ನು ಇತ್ತಲೇ ಇಟ್ಟಿದ್ದಳು.

"ಅಡುಗೆಮನೇಲಿ ಓಡಾಡೋ ಕರಿಹುಳಕ್ಕೆ ನಿಮ್ಮ ಕಡೆ ಏನಂತಾರಮ್ಮ?"

"ನಮ್ಮನೇಲಿ ಅಂಥದ್ದಿಲ್ಲಪ್ಪ."

"ಹೆಸರು ಹೇಳಿದ್ರೆ ಸಾಕು. 'ಬೀಟಲ್' ಅಂದ್ರೆ ಕಚ್ಚೋದು ಅಂತ ಹಳೇ ಅರ್ಥ. ಆದ್ರೆ ಇಲ್ಲಿನ ಅಜ್ಜಿಯರು 'ಕ್ಲಾಕ್' ಅಂತಿದ್ರಂತೆ. ಗೋಡೆ ಗಡಿಯಾರಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಲ್ಲಿಂದ ಬಂತೋ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸ್ವೀಡನ್ ಹಳ್ಳಿಗಳಲ್ಲೂ ಇಂಥದೇ ಮಾತಿದೆ, ಸಮುದ್ರ ದಾಟಿ ಬಂದಿರಬಹುದು. ನೀವು ಕೇಳಿದೀರಾ?"

ಎಡ್ನಾ ಆ ಮಾತನ್ನು ಅವತ್ತು ಬೆಳಿಗ್ಗೆ ತಾನೇ, ಪೊರಕೆ ಹಿಡಿದು, ಹಲ್ಲುಕಚ್ಚಿ ಆಡಿದ್ದಳು. ಈಗ ಆಡಿದರೆ ಹುಳ ಸಾಕಿದ್ದೇನೆಂದು ಒಪ್ಪಿಕೊಂಡಂತೆ. ಮಿಸೆಸ್ ಪಿಕಲ್ಸಳ ಬಟ್ಟೆ ಗಾಜಿನ ಮೇಲೆ ನಿಂತೇಬಿಟ್ಟಿತ್ತು.

"ಪಕ್ಕದ ಮನೆ ಫ್ಲೋರಿ ಬಿನ್ಸ್‌ನ ಕೇಳಿ," ಎಂದಳು ಎಡ್ನಾ. "ಅವಳಿಗೆ ಗೊತ್ತಿರುತ್ತೆ."

ಅಷ್ಟೇ ಸಾಕಾಯಿತು. ವಾರ ಕಳೆಯುವುದರೊಳಗೆ ಅಂಗಡಿಯ ಸಾಲಿನಲ್ಲಿ ಫ್ಲೋರಿಯ ಪಕ್ಕ ಜಾಗ ಖಾಲಿ ಬೀಳತೊಡಗಿತು. "ಪಾಪ, ನೋಡೋಕೆ ಎಷ್ಟು ಚೊಕ್ಕ!" ಎಂದು ಯಾರೋ ಕಿಸಕ್ಕೆಂದಾಗ ಎಡ್ನಾ ಆಲೂಗಡ್ಡೆ ಆರಿಸುತ್ತ ತಲೆ ತಗ್ಗಿಸಿದಳು. ಬೀಟ್‌ರೂಟಿನ ಹಾಗೆ ಕೆಂಪಗಾದ ಮುಖ ಯಾರಿಗೂ ಕಾಣಲಿಲ್ಲ.

ಪ್ರಾರ್ಥನಾಮಂದಿರದ ವರ್ಷದ ಚಹಾಕೂಟಕ್ಕೆ ಫ್ಲೋರಿ ಎಂದಿನಂತೆ ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈ ತಂದಳು. ಪ್ರತಿವರ್ಷ ಮೊದಲು ಖಾಲಿಯಾಗುತ್ತಿದ್ದ ತಟ್ಟೆ ಅದು. ಈ ಸಲ ಕೈಗಳು ಅದನ್ನು ದಾಟಿ ಹೋಗಿ ಪಕ್ಕದ ತಟ್ಟೆಯ ಹಂದಿಮಾಂಸ ಎತ್ತಿಕೊಂಡವು. ಫ್ಲೋರಿ ಕತ್ತರಿಸದ ಪೈನ ಮುಂದೆ ಚಾಕು ಹಿಡಿದು ನಿಂತೇ ಇದ್ದಳು. ಎಡ್ನಾ ಚಹಾ ಪಕ್ಕಕ್ಕೆ ಸರಿಸಿದಳು.

ಅವಳು ಎದ್ದು ಹೋಗಿ ತಟ್ಟೆ ಚಾಚಿದಳು. "ನಂಗೊಂದು ತುಂಡು ಹಾಕು. ದೊಡ್ಡದೇ ಹಾಕು." ಆಮೇಲೆ ತಿರುಗಿ, ಎಲ್ಲರಿಗೂ ಕೇಳುವಂತೆ ಅಂದಳು, "ಕ್ಲಾಕ್‌ಗಳಿರೋದು ನಮ್ಮನೇಲಿ. ದಿನಾ ಬೆಳಿಗ್ಗೆ ಗುಡಿಸಿ ಸುಡ್ತೀನಿ. ಫ್ಲೋರಿ ಹೆಸರು ಹೇಳಿದ್ದು ನನ್ನ ಮಾನ ಉಳಿಸ್ಕೊಳ್ಳೋಕೆ."

"ನಮ್ಮನೇಲಾ?" ವಾಲ್ಟರ್ ಕಪ್ಪು ಕೆಳಗಿಟ್ಟ. "ನಾನೊಂದೂ ನೋಡಿಲ್ವಲ್ಲ!"

ಯಾರೋ ಹೆಂಗಸು ನಕ್ಕಳು. ಒಬ್ಬಳು ಮೆಲ್ಲಗೆ ಪೈ ಕಡೆಗೆ ತಟ್ಟೆ ಸರಿಸಿದಳು.

ಫ್ಲೋರಿ ತುಂಡು ಕತ್ತರಿಸಿ ಎಡ್ನಾಳ ತಟ್ಟೆಗೆ ಹಾಕಿದಳು, ಮುಖ ನೋಡಲಿಲ್ಲ.

"ನಮ್ಮನೇಲೂ ಇವೆ ಕಣೆ. ಆ ಹುಡುಗ ನನ್ನನ್ನೂ ಕೇಳ್ದ," ಎಂದಳು. "ಇವೆ ಅಂದೆ. ಗೊತ್ತಿದ್ರೂ ನಿನ್ನ ಮನೆ ಮಾತು ಎತ್ತಲಿಲ್ಲ."